ಒಂದು ನಿಮಿಷ ಪೂರ್ತಿ

ನರ್ಸಿಂಗ್ ಶಾಲೆಗೆ ಸೇರುವಾಗ ಕೊಟ್ಟ ಪಟ್ಟಿಯಲ್ಲಿ ಬಿಳಿ ಶೂ, ಎರಡು ಜೊತೆ ಯೂನಿಫಾರ್ಮ್, ಕತ್ತರಿ, ಥರ್ಮಾಮೀಟರ್ ಎಲ್ಲ ಆದಮೇಲೆ ಕೊನೆಯಲ್ಲಿ ‘ಸೆಕೆಂಡ್ ಮುಳ್ಳಿರುವ ವಾಚ್’ ಅಂತ ಇತ್ತು. ಅಪ್ಪ ಆ ಸಾಲನ್ನು ಎರಡು ಸಲ ಓದಿ, ‘ಗಂಟೆ, ನಿಮಿಷ ಸಾಲ್ದಾ ಇವರಿಗೆ?’ ಅಂದಿದ್ದರು. ನಮ್ಮದು ತುಮಕೂರು ಜಿಲ್ಲೆ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ಆಗಿನ್ನೂ ಇತ್ತು, ನಮ್ಮೂರಿನವರೊಬ್ಬರು ಅಲ್ಲಿ ಕೆಲಸದಲ್ಲಿದ್ದರು. ಅವರ ಕೈಲಿ ತರಿಸಿದ, ದಿನಾ ಬೆಳಿಗ್ಗೆ ಕೀ ಕೊಡಬೇಕಾದ ಪುಟ್ಟ ವಾಚು ಅದು. ಈಗ ಬೀರುವಿನಲ್ಲಿ ಹಳೇ ಬಳೆಗಳ ಜೊತೆ ಮಲಗಿದೆ.

ಹೃದಯದ್ದು, ಉಸಿರಿನದು ಅಂತ ಔಷಧಗಳ ಬಗ್ಗೆ ನಾನು ಏನು ಕಲಿತಿದ್ದೇನೋ ಅದರಲ್ಲಿ ಮುಕ್ಕಾಲು ಪಾಲು ಆ ಮುಳ್ಳೇ ಕಲಿಸಿದ್ದು. ಎಷ್ಟು ಮಿಲಿಗ್ರಾಂ ಅನ್ನೋದನ್ನು ಡಾಕ್ಟರು ಕೇಸ್ ಶೀಟಿನಲ್ಲಿ ಬರೆದಿರುತ್ತಾರೆ. ಕೊಡುವ ಮುಂಚೆ ಎಷ್ಟು ಹೊತ್ತು ನೋಡಬೇಕು, ಎಷ್ಟು ಹೊತ್ತಿನಲ್ಲಿ ಕೊಡಬೇಕು, ಕೊಟ್ಟಮೇಲೆ ಎಷ್ಟು ಹೊತ್ತು ಮಂಚದ ಪಕ್ಕ ನಿಲ್ಲಬೇಕು ಅನ್ನೋದು ಬಹಳ ಸಲ ಬರೆದಿರುವುದಿಲ್ಲ. ಅದು ನಮ್ಮ ಪಾಲಿಗೆ.

ನಾನು ಓದಿದ್ದು ಕನ್ನಡ ಮೀಡಿಯಂ. ಫಾರ್ಮಕಾಲಜಿ ಅನ್ನುವ ಪದದ ಸ್ಪೆಲಿಂಗ್ ಕೂರಿಸಿಕೊಳ್ಳಲಿಕ್ಕೇ ಒಂದು ವಾರ ಹಿಡಿಯಿತು. ಸಾಲ್ಬುಟಮಾಲ್ ಅನ್ನುವುದು ಪ್ಯಾರಾಸಿಟಮಾಲ್‌ನ ತಮ್ಮನೋ ಏನೋ, ಅದೂ ಜ್ವರಕ್ಕೇ ಇರಬೇಕು ಅಂದುಕೊಂಡಿದ್ದೆ, ಅದು ನೋಡಿದರೆ ಉಬ್ಬಸದ್ದು. ಹಾಸ್ಟೆಲ್ಲಿನಲ್ಲಿ ನಾವು ನಾಲ್ಕು ಜನ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದೆವು: ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಎನಲಾಪ್ರಿಲ್, ರಾಮಿಪ್ರಿಲ್, ಕ್ಯಾಪ್ಟೊಪ್ರಿಲ್, ಅಮ್ಲೊಡಿಪಿನ್, ನಿಫೆಡಿಪಿನ್. ಹಳಗನ್ನಡ ಪದ್ಯಕ್ಕೆ ಎರಡನೇ ಅಕ್ಷರದಲ್ಲಿ ಪ್ರಾಸ, ಹೃದಯದ ಮಾತ್ರೆಗೆ ಕೊನೆಯಲ್ಲಿ ಪ್ರಾಸ ಅಂತ ನಮ್ಮಲ್ಲಿ ಪಿಯುಸಿಗೆ ಐಚ್ಛಿಕ ಕನ್ನಡ ತೆಗೆದುಕೊಂಡಿದ್ದ ಹುಡುಗಿ ಹೇಳುತ್ತಿದ್ದಳು. ಪರೀಕ್ಷೆಗೆ ಅಷ್ಟು ಸಾಕಾಯಿತು. ವಾರ್ಡಿಗೆ ಸಾಕಾಗಲಿಲ್ಲ.

ಎರಡನೇ ವರ್ಷ, ಹೆಂಗಸರ ಮೆಡಿಕಲ್ ವಾರ್ಡು. ಹನ್ನೊಂದನೇ ಬೆಡ್ಡಿನಲ್ಲಿ ಇಪ್ಪತ್ತಾರು ವರ್ಷದ ಹೆಣ್ಣುಮಗಳು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು, ಅದು ಹೃದಯದ ಕವಾಟ ಕಚ್ಚಿ, ಮೊದಲ ಹೆರಿಗೆ ಆದಮೇಲೆ ಉಸಿರು ಹತ್ತತೊಡಗಿತ್ತು. ನಮ್ಮ ಕಡೆಯ ವಾರ್ಡುಗಳಲ್ಲಿ ಆಗ ಇಂಥ ಒಬ್ಬರಾದರೂ ಇರದ ತಿಂಗಳಿಲ್ಲ. ಆಕೆಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ದಿನಾ ಮೈನೀರು ಇಳಿಸುವ ಲ್ಯಾಸಿಕ್ಸ್, ಮತ್ತು ಹೃದಯದ ಮಾತ್ರೆ ಡಿಗಾಕ್ಸಿನ್ 0.25 ಮಿಲಿಗ್ರಾಂ, ವಾರಕ್ಕೆ ಐದು ದಿನ. ಶನಿವಾರ, ಭಾನುವಾರ ಆ ಮಾತ್ರೆಗೆ ರಜೆ. ನಮ್ಮ ದೇಶದ ಹೃದಯದ ವಾರ್ಡುಗಳಲ್ಲಿ ಮೊದಲಿಂದ ನಡೆದುಬಂದ ಪದ್ಧತಿ ಅದು. ‘ಆಫೀಸಿನವರ ಮಾತ್ರೆ’ ಅಂತ ಆಕೆಯೇ ತಮಾಷೆ ಮಾಡುತ್ತಿದ್ದಳು.

ಡಿಗಾಕ್ಸಿನ್ ಕೊಡುವ ಮುಂಚೆ ನಾಡಿ ನೋಡಬೇಕು, 60ಕ್ಕಿಂತ ಕಡಿಮೆ ಇದ್ದರೆ ಕೊಡಬಾರದು, ಡಾಕ್ಟರಿಗೆ ಹೇಳಬೇಕು. ಇದು ನನಗೆ ಬಾಯಿಪಾಠ. ಮಣಿಕಟ್ಟು ಹಿಡಿದು 15 ಸೆಕೆಂಡ್ ಎಣಿಸಿದೆ, 16 ಬಂತು, ನಾಲ್ಕರಿಂದ ಗುಣಿಸಿ 64 ಅಂತ ಬರೆದು ಮಾತ್ರೆ ಬಟ್ಟಲಿಗೆ ಹಾಕಿದೆ. ಇನ್‌ಚಾರ್ಜ್ ಸಿಸ್ಟರ್ ಹಿಂದೆ ನಿಂತಿದ್ದರು. ಕೇರಳದಿಂದ ಬಂದು ಇಪ್ಪತ್ತು ವರ್ಷ ನಮ್ಮ ಊರ ನೀರು ಕುಡಿದವರು, ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಮಲಯಾಳದ ರಾಗ ಹತ್ತುತ್ತಿತ್ತು. ‘ಕುಟ್ಟಿ, ಹದಿನೈದು ಸೆಕೆಂಡಿಗೆ ಅವಳ ಹೃದಯ ನಿನಗೆ ಸತ್ಯ ಹೇಳುತ್ತಾ?’ ಅಂದರು. ಸ್ಟೆತಸ್ಕೋಪ್ ಕೈಗಿಟ್ಟು, ಎಡಗಡೆ ಐದನೇ ಪಕ್ಕೆಲುಬಿನ ಸಂದಿಯಲ್ಲಿ ಇಡಿಸಿ, ‘ಒಂದು ನಿಮಿಷ ಪೂರ್ತಿ’ ಅಂದರು.

ನಾನು ಅಲ್ಲಿಯತನಕ ಒಂದು ನಿಮಿಷ ಅಷ್ಟು ಉದ್ದ ಇರುತ್ತದೆ ಅಂತ ತಿಳಿದಿರಲಿಲ್ಲ. ಬಡಿತಕ್ಕೆ ಲಯವೇ ಇಲ್ಲ. ಎರಡು ಬೇಗ ಬೇಗ, ಆಮೇಲೆ ಇನ್ನು ಬರುವುದೇ ಇಲ್ಲವೇನೋ ಅನ್ನುವಷ್ಟು ಬಿಡುವು, ಮತ್ತೆ ಒಂದು. ಮುಳ್ಳು ಸುತ್ತು ಮುಗಿಸಿದಾಗ 52. ಇಂಥ ಅಡ್ಡಾದಿಡ್ಡಿ ಬಡಿತದಲ್ಲಿ ಎಲ್ಲ ಬಡಿತವೂ ಮಣಿಕಟ್ಟಿನ ತನಕ ಬಂದು ಮುಟ್ಟುವುದಿಲ್ಲ, ಹದಿನೈದು ಸೆಕೆಂಡಿನ ತುಂಡಿನಲ್ಲಿ ಜೋರಾದ ಭಾಗವೇ ಸಿಕ್ಕಿಬಿಡಬಹುದು, ನಿಧಾನದ್ದೇ ಸಿಕ್ಕಿಬಿಡಬಹುದು. ಆದ್ದರಿಂದಲೇ ಎದೆಯ ಮೇಲೆ, ಆದ್ದರಿಂದಲೇ ಅರವತ್ತು ಸೆಕೆಂಡು.

‘ಊಟ ಮಾಡಿದ್ಯೇನಮ್ಮ?’ ಅಂತ ಸಿಸ್ಟರ್ ಕೇಳಿದರು. ‘ಎರಡು ದಿನದಿಂದ ಬಾಯಿ ಸೇರ್ತಾ ಇಲ್ಲ, ವಾಕರಿಕೆ. ಟ್ಯೂಬ್‌ಲೈಟ್ ಯಾಕೋ ಅರಿಶಿನ ಬಳಿದ ಹಂಗೆ ಕಾಣ್ತದೆ’ ಅಂದಳು. ಸಿಸ್ಟರ್ ಬಟ್ಟಲಿನಿಂದ ಮಾತ್ರೆ ಎತ್ತಿಕೊಂಡು ಡ್ಯೂಟಿ ಡಾಕ್ಟರ ಬಳಿ ನಡೆದರು. ಪುಸ್ತಕದಲ್ಲಿ ಡಿಗಾಕ್ಸಿನ್ ಹೆಚ್ಚಾದದ್ದರ ಲಕ್ಷಣ ಅಂತ ನಾನು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದ ಸಾಲು ಅದೇ: ಹಸಿವಿಲ್ಲದಿರುವುದು, ವಾಂತಿ, ಹಳದಿ ಹಸಿರು ಪ್ರಭೆ. ಹನ್ನೊಂದನೇ ಬೆಡ್ಡಿನವಳು ಅರಿಶಿನ ಅಂದದ್ದು ನನಗೆ ಆ ಹಳದಿ ಅಂತ ಹೊಳೆದೇ ಇರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಇತ್ತು. ಲ್ಯಾಸಿಕ್ಸ್ ಮೂತ್ರದ ಜೊತೆ ಪೊಟ್ಯಾಸಿಯಂ ಒಯ್ಯುತ್ತದೆ, ಆ ವಾರ ಆಕೆಗೆ ಭೇದಿಯೂ ಆಗಿತ್ತು. ಇದರ ಒಳಗುಟ್ಟನ್ನು ಸಿಸ್ಟರ್ ಆಮೇಲೆ ನನಗೆ ಬಸ್ಸಿನ ಲೆಕ್ಕದಲ್ಲಿ ಹೇಳಿಕೊಟ್ಟರು. ಹೃದಯದ ಜೀವಕೋಶದ ಹೊರಗೋಡೆಯಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ತಳ್ಳುವ ಪಂಪು ಇದೆ. ಪೊಟ್ಯಾಸಿಯಂ, ಡಿಗಾಕ್ಸಿನ್ ಎರಡೂ ಬಂದು ಟವೆಲ್ ಹಾಕುವುದು ಅಲ್ಲಿನ ಒಂದೇ ಸೀಟಿಗೆ. ಪೊಟ್ಯಾಸಿಯಂ ಸಾಕಷ್ಟು ಇದ್ದರೆ ಡಿಗಾಕ್ಸಿನ್‌ಗೆ ನಿಲ್ಲುವಷ್ಟೇ ಜಾಗ. ಪೊಟ್ಯಾಸಿಯಂ ಇಳಿದುಹೋದರೆ ಖಾಲಿ ಬಸ್ಸು, ಡಿಗಾಕ್ಸಿನ್ ಕಾಲು ಚಾಚಿ ಮಲಗುತ್ತದೆ. ಮಾತ್ರೆ ಅದೇ 0.25, ಮೈಯಲ್ಲಿ ಮಾತ್ರ ಅದು ವಿಷ.

ಮತ್ತೆ ಅದು ಬೇಗ ಇಳಿಯುವ ಗಿರಾಕಿಯೂ ಅಲ್ಲ. ಮೂತ್ರಪಿಂಡ ಚೆನ್ನಾಗಿದ್ದವರಲ್ಲೂ ಅರ್ಧ ಇಳಿಯಲಿಕ್ಕೆ ಒಂದೂವರೆ ದಿನ ಬೇಕು. ಮಾತ್ರೆ ನಿಲ್ಲಿಸಿ, ಪೊಟ್ಯಾಸಿಯಂ ಕೊಟ್ಟು, ಮೂರು ದಿನ ಮಾನಿಟರ್ ಹಾಕಿ ಕಾದೆವು. ನಾಲ್ಕನೇ ದಿನ ಬೆಳಿಗ್ಗೆ ಆಕೆ ಉಪ್ಪಿಟ್ಟು ಕೇಳಿದಳು. ನಾನು ಆವತ್ತು ಅತ್ತದ್ದು ಯಾರಿಗೂ ಗೊತ್ತಿಲ್ಲ, ಈಗ ನಿಮಗೆಲ್ಲ ಗೊತ್ತಾಯಿತು.

ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದೆ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಅನ್ನುವ ವೈದ್ಯ, ಮೈ ಬಾತುಕೊಂಡವರಿಗೆ ಹಳ್ಳಿಯ ಮುದುಕಿಯೊಬ್ಬಳು ಕೊಡುತ್ತಿದ್ದ ನಾಟಿ ಕಷಾಯದ ಜಾಡು ಹಿಡಿದು, ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ಫಾಕ್ಸ್‌ಗ್ಲವ್ ಅನ್ನುವ ಹೂಗಿಡ ಅಂತ ಕಂಡುಕೊಂಡು 1785ರಲ್ಲಿ ಪುಸ್ತಕ ಬರೆದ. ವಾಂತಿ, ನಿಧಾನದ ನಾಡಿ, ವಸ್ತುಗಳು ಹಳದಿ ಹಸಿರಾಗಿ ಕಾಣುವುದು, ಎಲ್ಲ ಅವನೇ ಬರೆದಿಟ್ಟಿದ್ದ. ನಮ್ಮ ಊರುಗಳ ಬೇಲಿಯ ಹಳದಿ ಕಣಗಿಲೆಯಲ್ಲಿರುವ ವಿಷವೂ ಇದೇ ಮನೆತನದ್ದು, ಇದೇ ಪಂಪನ್ನು ಹಿಡಿಯುವಂಥದು. ಹೂವು ದೇವರ ತಲೆಗೆ, ಕಾಯಿ ಆಸ್ಪತ್ರೆಗೆ. ಮಕ್ಕಳು ಆಟದಲ್ಲಿ ತಿಂದು ಬಂದದ್ದನ್ನೂ ನೋಡಿದ್ದೇನೆ, ದೊಡ್ಡವರು ನೊಂದು ತಿಂದು ಬಂದದ್ದನ್ನೂ ನೋಡಿದ್ದೇನೆ. ಇದಕ್ಕೆ ಕುರಿಯ ರಕ್ತದಿಂದ ತಯಾರಿಸುವ ಪ್ರತಿವಿಷ ಇದೆ. ನಾನು ಕೆಲಸ ಮಾಡಿದ ಯಾವ ವಾರ್ಡಿನಲ್ಲೂ ಅದನ್ನು ಕಣ್ಣಾರೆ ಕಂಡಿಲ್ಲ. ಇದ್ದಿಲ ಪುಡಿ, ನಾಡಿ ಏರಿಸುವ ಅಟ್ರೋಪಿನ್, ಮಾನಿಟರ್, ಮತ್ತೆ ಅದೇ ಎಣಿಕೆ.

ಲ್ಯಾಸಿಕ್ಸ್ ಬಗ್ಗೆ ಹೇಳಿಬಿಡುತ್ತೇನೆ. ಬಾಯಲ್ಲಿ ಕೊಟ್ಟರೆ ಅದರ ಕೆಲಸ ಸುಮಾರು ಆರು ಗಂಟೆ. ‘ಲಾಸ್ಟ್ಸ್ ಸಿಕ್ಸ್’ ಅನ್ನುವುದರಿಂದಲೇ ಆ ಹೆಸರು ಬಂತು ಅಂತ ನಮಗೆ ಪಾಠ ಮಾಡುತ್ತಿದ್ದರು. ದಿನಕ್ಕೆರಡು ಸಲ ಅಂತ ಬರೆದಿದ್ದರೆ ಬೆಳಿಗ್ಗೆ ಎಂಟು, ಸಂಜೆ ನಾಲ್ಕು. ಎಂಟಕ್ಕೆ ಎಂಟಕ್ಕೆ ಕೊಟ್ಟರೆ ರಾತ್ರಿಯಿಡೀ ಅಜ್ಜನನ್ನು ಕಕ್ಕಸಿಗೆ ನಡೆಸಬೇಕು, ಕತ್ತಲಲ್ಲಿ ಬಿದ್ದರೆ ತೊಡೆಯ ಮೂಳೆ ಮುರಿತ. ಮನೆಗೆ ಹೋಗುವಾಗ ‘ನೀರಿನ ಮಾತ್ರೆ ಬೆಳಿಗ್ಗೆ’ ಅಂತ ಪಟ್ಟಿಯ ಮೇಲೆ ಸೂರ್ಯನ ಚಿತ್ರ ಬರೆದುಕೊಡುತ್ತೇನೆ. ದಿನಾ ಒಂದೇ ಹೊತ್ತಿಗೆ ತೂಕ ನೋಡಿ, ಎರಡು ಮೂರು ದಿನದಲ್ಲಿ ಎರಡು ಕೇಜಿ ಏರಿದರೆ ಅದು ಕೊಬ್ಬಲ್ಲ ನೀರು, ಬನ್ನಿ, ಅನ್ನುತ್ತೇನೆ. ತೂಕದ ಯಂತ್ರ ಇಲ್ಲದ ಮನೆಗೆ ನ್ಯಾಯಬೆಲೆ ಅಂಗಡಿಯ ತಕ್ಕಡಿ ತೋರಿಸಿದ್ದೂ ಇದೆ. ರಕ್ತನಾಳಕ್ಕೆ ಕೊಡುವಾಗ ನಿಧಾನ, ದೊಡ್ಡ ಡೋಸ್ ಆದರೆ ನಿಮಿಷಕ್ಕೆ 4 ಮಿಲಿಗ್ರಾಂ ಮೀರಬಾರದು. ಗಡಿಬಿಡಿಯಲ್ಲಿ ತಳ್ಳಿದರೆ ಕಿವಿಗೆ ಪೆಟ್ಟು.

ಲ್ಯಾಸಿಕ್ಸ್ ಒಯ್ದ ಪೊಟ್ಯಾಸಿಯಂ ತುಂಬಲಿಕ್ಕೆ ಕೆಸಿಎಲ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್ ಇದೆಯಲ್ಲ, 10 ಎಂಎಲ್ ಆಂಪ್ಯೂಲು, 20 ಮಿಲಿಈಕ್ವಿವಲೆಂಟ್, ನೋಡಲಿಕ್ಕೆ ಬರೀ ನೀರು. ಅದನ್ನು ಸಿರಿಂಜಿನಲ್ಲಿ ಎಳೆದು ನೇರ ತಳ್ಳಿದರೆ ಹೃದಯ ಅಲ್ಲೇ ನಿಲ್ಲುತ್ತದೆ. ಸಲೈನಿನಲ್ಲಿ ಬೆರೆಸಿ, ಬಾಟಲಿ ತಲೆಕೆಳಗು ಮಾಡಿ ಚೆನ್ನಾಗಿ ಕಲಸಿ, ಸಾಮಾನ್ಯ ವಾರ್ಡಿನಲ್ಲಿ ಕೈಯ ನರದಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟಿನ ಲೆಕ್ಕ. ನನ್ನ ವಾರ್ಡಿನಲ್ಲಿ ಅದು ಬೇರೆ ಆಂಪ್ಯೂಲುಗಳ ಟ್ರೇನಲ್ಲಿ ಇರುವ ಹಾಗೇ ಇಲ್ಲ. ಬೀಗ ಹಾಕಿದ ಪೆಟ್ಟಿಗೆ, ಕೆಂಪು ಚೀಟಿ, ಇಬ್ಬರು ಓದಿ ತೆಗೆಯಬೇಕು. ಈ ವಿಷಯದಲ್ಲಿ ನನಗೆ ಗಯ್ಯಾಳಿ ಅಂತ ಹೆಸರು ಬಂದಿದೆ, ಇರಲಿ.

ಹೃದಯಾಘಾತದ ಔಷಧದಲ್ಲಿ ಕಾಲ ಹೇಗೆ ಬದಲಾಯಿತು ಅನ್ನೋದನ್ನು ನಮ್ಮ ತಲೆಮಾರಿನ ನರ್ಸುಗಳು ಕೈಯಿಂದ ಬಲ್ಲೆವು. ಮೊದಲು ಹೆಪ್ಪುಗಟ್ಟಿದ ರಕ್ತ ಕರಗಿಸುವ ಸ್ಟ್ರೆಪ್ಟೊಕೈನೇಸ್. 15 ಲಕ್ಷ ಯೂನಿಟ್ ಸಲೈನಿನಲ್ಲಿ ಬೆರೆಸಿ ಒಂದು ಗಂಟೆ ಹೊತ್ತು ಹನಿಸಬೇಕು. ಆ ಒಂದು ಗಂಟೆ ಮಂಚ ಬಿಟ್ಟು ಅಲ್ಲಾಡುವಂತಿಲ್ಲ. ಐದೈದು ನಿಮಿಷಕ್ಕೆ ಬಿ.ಪಿ. ನೋಡಬೇಕು, ಅದು ದಢಕ್ಕನೆ ಇಳಿಯುವ ಪೈಕಿ. ಹನಿ ನಿಧಾನ ಮಾಡು, ಕಾಲು ಎತ್ತರಿಸು, ಮೈಮೇಲೆ ದದ್ದು ಎದ್ದಿತೇನೋ ನೋಡು, ಒಸಡಿನಲ್ಲಿ ರಕ್ತ ಬಂತೇನೋ ನೋಡು. ಒಂದು ಸಲ ಕೊಟ್ಟವರಿಗೆ ದೇಹ ಅದರ ವಿರುದ್ಧ ಎದ್ದು ನಿಂತಿರುತ್ತದಾದ್ದರಿಂದ ಮತ್ತೆ ಕೊಡುವ ಹಾಗಿಲ್ಲ, ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಕಳಿಸಬೇಕು. ಈಗ ಅದೇ ಕೆಲಸಕ್ಕೆ ಟೆನೆಕ್ಟೆಪ್ಲೇಸ್. ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಐದರಿಂದ ಹತ್ತು ಸೆಕೆಂಡಿನಲ್ಲಿ ಒಂದೇ ತಳ್ಳು. ಮೊದಲ ಸಲ ಕೊಟ್ಟಾಗ ಮುಗೀತಾ ಅಂತ ನಾನೇ ಕೇಳಿದ್ದೆ.

ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಕಣ್ಣಿಗೆ ಹೋಗಿ, ಹತ್ತಾರು ಸಾವಿರ ಬೆಲೆಯ ಈ ಇಂಜೆಕ್ಷನ್ ತಾಲ್ಲೂಕಿನಲ್ಲೇ ಬಿಟ್ಟಿ ಸಿಗುವ ಹಾಗಾಗಿದೆ. ಬೆಂಗಳೂರಿನ ದಾರಿಯಲ್ಲಿ ಕಳೆದುಹೋಗುತ್ತಿದ್ದ ಎರಡು ಗಂಟೆ ಉಳಿಯಿತು. ಅಪ್ಪು 2021ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಹೃದಯ ತೋರಿಸಿಕೊಳ್ಳಲಿಕ್ಕೆ ಆಸ್ಪತ್ರೆಗಳ ಮುಂದೆ ಹುಡುಗರ ಸಾಲು ನಿಂತದ್ದು ನೆನಪಿದೆ. ಆ ಹೆದರಿಕೆಗಿಂತ ಈ ಇಂಜೆಕ್ಷನ್ ಹೆಚ್ಚು ಜನರನ್ನು ಉಳಿಸುತ್ತದೆ ಅನ್ನುವುದು ನನ್ನ ಎಣಿಕೆ.

ಆದರೆ ಸೆಕೆಂಡಿನ ಇಂಜೆಕ್ಷನ್ನಿಗೂ ಮುಂಚಿನ ಪ್ರಶ್ನೆಗಳು ಹಳೆಯವೇ. ಪಾರ್ಶ್ವವಾಯು ಹೊಡೆದಿತ್ತಾ, ಈಚೆಗೆ ಆಪರೇಷನ್ ಆಗಿದೆಯಾ, ಮಲ ಕಪ್ಪಗೆ ಹೋಗಿತ್ತಾ, ಬಿ.ಪಿ. 180ರ ಮೇಲಿದೆಯಾ. ಜೊತೆಗೆ ನಾನು ಒಂದು ಸೇರಿಸುತ್ತೇನೆ: ‘ಬರೋ ದಾರೀಲಿ ಎಲ್ಲಾದ್ರೂ ಸೊಂಟಕ್ಕೆ ಸೂಜಿ ಹಾಕಿಸ್ಕೊಂಡ್ರಾ?’ ಎದೆನೋವನ್ನು ಗ್ಯಾಸ್ ಅಂತ ತಿಳಿದು ಊರಲ್ಲಿ ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಬರುವವರು ಬಹಳ. ರಕ್ತ ಕರಗಿಸುವ ಔಷಧ ಹೋದಮೇಲೆ ಆ ಸೂಜಿಯ ಜಾಗದಲ್ಲಿ ರಕ್ತ ತುಂಬಿ ಕುಂಡಿ ತೆಂಗಿನಕಾಯಿಯಷ್ಟು ಊದಿದ್ದನ್ನು ನೋಡಿದವಳು ನಾನು.

ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಈಗ ಎಲ್ಲರ ಜೇಬಿನಲ್ಲೂ ಇದೆ. ಡೈನಮೈಟ್‌ಗೆ ಬಳಸುವ ನೈಟ್ರೊಗ್ಲಿಸರಿನ್ನಿನ ಬಂಧು ಇದು. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್‌ಗೇ ಕೊನೆಗಾಲದಲ್ಲಿ ಹೃದಯಕ್ಕೆ ನೈಟ್ರೊಗ್ಲಿಸರಿನ್ ಬರೆದುಕೊಟ್ಟಿದ್ದರಂತೆ, ವಿಧಿಯ ಆಟ ಅಂತ ಅವನು 1896ರಲ್ಲಿ ಪತ್ರದಲ್ಲಿ ಬರೆದಿದ್ದ. ನಾಲಿಗೆ ಕೆಳಗಿಟ್ಟ ಮಾತ್ರೆಗೆ ಒಂದೇ ನಿಯಮ: ಕೂತುಕೊಂಡು. ನಿಂತು ಇಟ್ಟುಕೊಂಡವರು ಬಿ.ಪಿ. ಇಳಿದು ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಂಡು ಬರುತ್ತಾರೆ, ಹೃದಯ ಚೆನ್ನಾಗಿರುತ್ತದೆ. ಐದು ನಿಮಿಷಕ್ಕೆ ನೋವು ಇಳಿಯಲಿಲ್ಲ ಅಂದರೆ ಮನೆಯಲ್ಲಿ ಕೂತು ಎರಡನೇದು ಮೂರನೇದು ಅಂತ ಲೆಕ್ಕ ಹಾಕುವುದಕ್ಕಿಂತ ಮೊದಲು 108ಕ್ಕೆ ಫೋನ್ ಮಾಡಬೇಕು. ಇನ್ನೊಂದು ಪ್ರಶ್ನೆ ಕೇಳಲಿಕ್ಕೆ ಹೊಸ ಹುಡುಗಿಯರು ನಾಚುತ್ತಾರೆ, ಗಂಡಸರು ಉತ್ತರಿಸಲಿಕ್ಕೆ ಇನ್ನೂ ನಾಚುತ್ತಾರೆ: ವಯಾಗ್ರದಂಥ ಮಾತ್ರೆ ತಗೊಂಡಿದೀರಾ, ಯಾವಾಗ? ವಯಾಗ್ರ ಒಂದು ದಿನದೊಳಗೆ, ಟಡಾಲಫಿಲ್ ಆದರೆ ಎರಡು ದಿನದೊಳಗೆ ತೆಗೆದುಕೊಂಡಿದ್ದರೆ ಸಾರ್ಬಿಟ್ರೇಟ್ ಕೊಡುವಂತಿಲ್ಲ, ಬಿ.ಪಿ. ಪಾತಾಳಕ್ಕೆ ಹೋಗುತ್ತದೆ. ಹೆಂಡತಿಯನ್ನು ಟೀ ತರಲಿಕ್ಕೆ ಕಳಿಸಿ ಕೇಳುವ ಉಪಾಯ ನನ್ನದು.

ಗಡಿಯಾರದ ವಿಷಯಕ್ಕೆ ಬಂದರೆ ಅಡೆನೊಸಿನ್‌ನಷ್ಟು ಅವಸರದ ಔಷಧ ನಾನು ಬೇರೆ ಕಂಡಿಲ್ಲ. ಹೃದಯ ಇದ್ದಕ್ಕಿದ್ದ ಹಾಗೆ ನಿಮಿಷಕ್ಕೆ 180, 200 ಓಡತೊಡಗಿದಾಗ ಅದನ್ನು ಒಂದು ಕ್ಷಣ ನಿಲ್ಲಿಸಿ ಮತ್ತೆ ದಾರಿಗೆ ಹಚ್ಚುವುದು ಇದರ ಕೆಲಸ. ರಕ್ತಕ್ಕೆ ಬಿದ್ದ ಹತ್ತು ಸೆಕೆಂಡಿನೊಳಗೆ ಅರ್ಧ ಖರ್ಚಾಗಿಹೋಗಿರುತ್ತದೆ. ಆದ್ದರಿಂದ ಮೊಣಕೈ ಮಡಿಕೆಯ ದೊಡ್ಡ ನರ, 6 ಮಿಲಿಗ್ರಾಂ ಒಂದೇ ಏಟಿಗೆ, ಅದರ ಬೆನ್ನಿಗೇ 20 ಎಂಎಲ್ ಸಲೈನ್, ಕೈ ಮೇಲೆತ್ತು. ಒಬ್ಬರು ಔಷಧ ತಳ್ಳುತ್ತಾರೆ, ಒಬ್ಬರು ಸಲೈನ್. ಕೊಡುವ ಮುಂಚೆ ಹೇಳಲೇಬೇಕು: ‘ಎದೆ ಹಿಂಡಿದ ಹಾಗೆ, ಮುಳುಗಿಹೋದ ಹಾಗೆ ಆಗತ್ತೆ. ಹತ್ತು ಎಣಿಸೋದ್ರೊಳಗೆ ಹೋಗತ್ತೆ. ನನ್ನ ಕೈ ಹಿಡ್ಕೊಳ್ಳಿ.’ ಹೇಳದೆ ಕೊಟ್ಟರೆ ಸತ್ತೇ ಹೋದೆ ಅಂದುಕೊಳ್ಳುತ್ತಾರೆ. ನಮಗೂ ಹಾಗೇ ಅನ್ನಿಸುತ್ತದೆ. ಮಾನಿಟರಿನಲ್ಲಿ ಗೆರೆ ಚಪ್ಪಟೆಯಾಗಿ ಮೂರು, ನಾಲ್ಕು, ಐದು ಸೆಕೆಂಡು... ಇಡೀ ಕೋಣೆ ಉಸಿರು ಹಿಡಿದು ನಿಂತಿರುತ್ತದೆ. ಆಮೇಲೆ ಒಂದು ಬಡಿತ ಏಳುತ್ತದೆ, ಇನ್ನೊಂದು.

ಒಂದು ರಾತ್ರಿ ಇದೇ ಔಷಧ ಕೆಲಸ ಮಾಡಲಿಲ್ಲ. ಮೂವತ್ತರ ಆಸುಪಾಸಿನ ಹೆಂಗಸು, ನಾಡಿ 190. 6 ಕೊಟ್ಟರೆ ಏನೂ ಇಲ್ಲ. ಗಂಡನ ಹತ್ತಿರ ಒಂದು ಮುದುರಿದ ಚೀಟಿ ಇತ್ತು. ಎದೆ ಡವಡವ ಹೊಡೆದು ದಮ್ಮು ಬಂದದ್ದಕ್ಕೆ ಊರಿನಲ್ಲಿ ‘ಡೆರಿಫಿಲಿನ್-ಡೆಕ್ಸಾ’ ಹಾಕಿ ಕಳಿಸಿದ್ದರು. ಉಸಿರು ಕಟ್ಟಿದೆ ಅಂದರೆ ಈ ಜೋಡಿ ಇಂಜೆಕ್ಷನ್ ನಮ್ಮ ಕಡೆ ಸಂಕಟಕ್ಕೆ ವೆಂಕಟರಮಣ ಇದ್ದ ಹಾಗೆ. ಡೆರಿಫಿಲಿನ್‌ನಲ್ಲಿ ಇರುವುದು ಥಿಯೊಫಿಲಿನ್ ಮತ್ತು ಅದರ ಸೋದರ. ಥಿಯೊಫಿಲಿನ್ ಹೋಗಿ ಅಡೆನೊಸಿನ್ ಕೂರಬೇಕಾದ ಜಾಗದಲ್ಲೇ ಕೂರುತ್ತದೆ. ಮತ್ತೆ ಅದೇ ಬಸ್ಸು, ಅದೇ ಟವೆಲ್. ಸಾಲದ್ದಕ್ಕೆ ಹೃದಯವನ್ನು ಓಡಿಸುವ ಗುಣವೂ ಅದಕ್ಕಿದೆ. ಡಾಕ್ಟರಿಗೆ ಚೀಟಿ ತೋರಿಸಿದೆ, ಅವರು ಡೋಸ್ ಏರಿಸಿದರು, ಹೃದಯ ದಾರಿಗೆ ಬಂತು. ಇಲ್ಲಿ ಕೆಲಸ ಮಾಡಿದ್ದು ಆ ಮುದುರಿದ ಚೀಟಿ. ರೋಗಿಯ ಪ್ಲಾಸ್ಟಿಕ್ ಕವರನ್ನು ಮಂಚದ ಮೇಲೆ ಸುರಿದು ನೋಡುವುದು ಅಂದಿನಿಂದ ನನಗೆ ಚಟ.

ಥಿಯೊಫಿಲಿನ್ ಅನ್ನು 1888ರಲ್ಲಿ ಆಲ್ಬ್ರೆಕ್ಟ್ ಕೊಸೆಲ್ ಅನ್ನುವವರು ಮೊದಲು ಬೇರ್ಪಡಿಸಿದ್ದು ಚಹಾ ಎಲೆಯಿಂದ. ಕಾಫಿಯ ಕೆಫೀನ್ ಅದರ ಹತ್ತಿರದ ನೆಂಟ. ಮೂಡಿಗೆರೆ ಕಡೆಯ ನಮ್ಮ ದೊಡ್ಡತ್ತೆ ರಾತ್ರಿ ಉಬ್ಬಸ ಬಂದರೆ ಹಾಲು ಹಾಕದ ಕಾಫಿ ಕಾಯಿಸಿ ಕುಡಿದು ಕೂರುತ್ತಿದ್ದರು. ಮೂಢನಂಬಿಕೆ ಅಂತ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ. ಕಾಫಿಯಿಂದ ಆಸ್ತಮಾ ವಾಸಿಯಾಗುವುದಿಲ್ಲ, ಆದರೆ ಆಕೆಗೆ ಸ್ವಲ್ಪ ಸಲೀಸು ಅನ್ನಿಸುತ್ತಿದ್ದದ್ದು ಸುಳ್ಳೂ ಇರಲಿಲ್ಲ. ಹಾಗೆಯೇ ಡೆರಿಫಿಲಿನ್ ನಿಧಾನ ತಳ್ಳಬೇಕು ಅನ್ನುವುದು ಹತ್ತು ಲೋಟ ಕಾಫಿಯನ್ನು ಒಂದೇ ಗುಟುಕಿಗೆ ಕುಡಿಸಬೇಡಿ ಅನ್ನುವ ಮಾತೇ. ಅವಸರ ಮಾಡಿದರೆ ವಾಂತಿ, ಎದೆ ಓಟ, ಇನ್ನೂ ಹೆಚ್ಚಾದರೆ ಫಿಟ್ಸ್.

ಹೃದಯ, ಶ್ವಾಸಕೋಶ ಎರಡೂ ಒಂದೇ ಗೋಡೆಯ ಎರಡು ಮನೆಗಳು, ಒಬ್ಬರಿಗೆ ಅಂತ ತಂದ ಔಷಧ ಇನ್ನೊಬ್ಬರ ಬಾಗಿಲನ್ನೂ ತಟ್ಟುತ್ತದೆ. ಆ ಬಾಗಿಲುಗಳಿಗೆ ಬೀಟಾ ಅಂತ ಹೆಸರು, ನಮ್ಮ ಟ್ಯೂಟರ್ ಇದನ್ನು ಬೆರಳೆಣಿಸಿ ಹೇಳುತ್ತಿದ್ದರು: ‘ಹೃದಯ ಒಂದು, ಅದಕ್ಕೆ ಬೀಟಾ ಒಂದು. ಶ್ವಾಸಕೋಶ ಎರಡು, ಅದಕ್ಕೆ ಬೀಟಾ ಎರಡು.’ ಬೀಟಾ ಎರಡನ್ನು ಒತ್ತಿ ಉಸಿರಿನ ಕೊಳವೆ ತೆರೆಯುವುದು ಸಾಲ್ಬುಟಮಾಲ್. ಬೀಟಾ ಒಂದನ್ನು ತಡೆದು ಹೃದಯವನ್ನು ಸಮಾಧಾನ ಮಾಡುವವು ಆ ಲಾಲ್‌ಗಳು. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ತಂದ ಪ್ರೊಪ್ರನೊಲಾಲ್‌ಗೆ ಒಂದು ಎರಡು ಅನ್ನುವ ಭೇದ ಇಲ್ಲ, ಎರಡೂ ಬಾಗಿಲು ಮುಚ್ಚುತ್ತದೆ. ಆ ಕೆಲಸಕ್ಕೂ ಸೇರಿ ಅವರಿಗೆ 1988ರಲ್ಲಿ ನೊಬೆಲ್ ಬಂತು, ಲಕ್ಷಾಂತರ ಹೃದಯ ಉಳಿಯಿತು. ಉಬ್ಬಸದವರ ಪಾಲಿಗೆ ಮಾತ್ರ ಅದು ಗಂಡಾಂತರ.

ಒಬ್ಬರು ಮೇಷ್ಟ್ರು ಬರುತ್ತಿದ್ದರು. ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಪಂಪು, ಅಂದರೆ ಇನ್‌ಹೇಲರ್, ಹಿಡಿದರೆ ಬಿಡಲಿಕ್ಕಾಗುವುದಿಲ್ಲ ಅನ್ನುವ ಹೆದರಿಕೆಗೆ ವರ್ಷಗಟ್ಟಲೆ ಸಾಲ್ಬುಟಮಾಲ್ 4 ಮಿಲಿಗ್ರಾಂ ಮಾತ್ರೆ ನುಂಗಿದವರು. ಪಂಪಿನ ಒಂದು ಪಫ್ ಅಂದರೆ 100 ಮೈಕ್ರೊಗ್ರಾಂ, ಆ ಒಂದು ಮಾತ್ರೆಯಲ್ಲಿ ಅಂಥ 40 ಪಫ್ ಇದೆ. ಮಾತ್ರೆಗೆ ಕೈ ನಡುಗತೊಡಗಿತು. ಬೋರ್ಡಿನ ಮೇಲೆ ಅಕ್ಷರ ಸೊಟ್ಟ ಬರುತ್ತದೆ ಅಂತ ಬೇರೆ ಕಡೆ ತೋರಿಸಿದರು, ಅಲ್ಲಿ ಉಬ್ಬಸದ ಮಾತು ಅವರು ಎತ್ತಲಿಲ್ಲ, ನಡುಕಕ್ಕೆ ಪ್ರೊಪ್ರನೊಲಾಲ್ ಬರೆದರು. ಮೂರನೇ ದಿನ ಸೀಟಿ ಊದುವ ಎದೆ ಹೊತ್ತು ನಮ್ಮಲ್ಲಿಗೆ ಬಂದರು. ಸಾಲ್ಬುಟಮಾಲ್ ನೆಬ್ಯುಲೈಸ್ ಮಾಡಿದರೂ ಬಾಗಿಲೇ ಮುಚ್ಚಿದೆಯಲ್ಲ, ಏನು ಪ್ರಯೋಜನ. ಇಪ್ರಟ್ರೋಪಿಯಂ ಅನ್ನುವ ಇನ್ನೊಂದು ಉಸಿರಿನ ಔಷಧ ಬೇರೆ ಬಾಗಿಲಿನಿಂದ ಹೋಗುವುದರಿಂದ ಅದು ಕೈಹಿಡಿಯಿತು. ಇದರ ತಿರುವುಮುರುವು ಸಂಗತಿ ರಾಮಿಪ್ರಿಲ್, ಎನಲಾಪ್ರಿಲ್ ಅನ್ನುವ ಬಿ.ಪಿ. ಮಾತ್ರೆಗಳದ್ದು. ಬ್ರೆಜಿಲ್ಲಿನ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಒಳ್ಳೆಯ ಔಷಧಗಳು, ಆದರೆ ಕೆಲವರಿಗೆ ಒಣ ಕೆಮ್ಮು ಹಚ್ಚುತ್ತವೆ. ಆರು ಬಾಟಲಿ ಕೆಮ್ಮಿನ ಸಿರಪ್ ಕುಡಿದು, ಎರಡು ಸಲ ಕಫ ಪರೀಕ್ಷೆ ಮಾಡಿಸಿ ಬಂದ ಅಮ್ಮನಿಗೆ ಡಾಕ್ಟರು ಬದಲಿಸಿದ್ದು ಬಿ.ಪಿ. ಮಾತ್ರೆಯನ್ನು.

ಆಮ್ಲಜನಕವೂ ಔಷಧವೇ ಅಂತ ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ. 2021ರ ನಂತರ ಬೆರಳಿಗೆ ಸಿಕ್ಕಿಸುವ ಯಂತ್ರ ಮನೆಮನೆಯಲ್ಲಿದೆ, 95 ಇಲ್ಲ ಅಂದರೆ ಜನ ಬೆವರುತ್ತಾರೆ. ಹಳೇ ಸಿಒಪಿಡಿ, ಅಂದರೆ ಶ್ವಾಸಕೋಶ ಸವೆದು ದಮ್ಮು ಹತ್ತುವ ಕಾಯಿಲೆಯ ರೋಗಿಗೆ ನಾವು ಇಟ್ಟುಕೊಳ್ಳುವ ಗುರಿ 88ರಿಂದ 92. ಅದಕ್ಕಿಂತ ಏರಿಸಿದರೆ ಅಂಥವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಂಪರು ಹತ್ತುತ್ತದೆ. ನಾನು ಊಟಕ್ಕೆ ಹೋಗಿ ಬರುವುದರೊಳಗೆ ಮಗ ಆಮ್ಲಜನಕದ ಫ್ಲೋಮೀಟರ್ ತಿರುಗಿಸಿ ನಿಮಿಷಕ್ಕೆ ಎರಡು ಲೀಟರ್ ಇದ್ದದ್ದನ್ನು ಎಂಟು ಮಾಡಿರುತ್ತಾನೆ. ‘ಅಪ್ಪ ಈಗ ಚೆನ್ನಾಗಿ ಮಲಗಿದಾರೆ ಸಿಸ್ಟರ್’ ಅನ್ನುತ್ತಾನೆ. ಆ ನಿದ್ದೆ ನೋಡಿದರೆ ನನಗೆ ಕೈಕಾಲು ತಣ್ಣಗಾಗುತ್ತದೆ.

ನಮ್ಮ ಅಮ್ಮನಿಗೂ ಈಗ ಅದೇ ಕಾಯಿಲೆ. ಬೀಡಿ ಸೇದಿದ್ದು ಅಪ್ಪ, ದಮ್ಮು ಬಂದದ್ದು ಅಮ್ಮನಿಗೆ. ನಲವತ್ತು ವರ್ಷ ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ತೆಂಗಿನ ಗರಿ, ಹಸಿ ಸೌದೆ ಊದಿದ ಫಲ. ಮೊದಲು ಕ್ಯಾಪ್ಸೂಲ್ ಹಾಕಿ ಎಳೆದುಕೊಳ್ಳುವ ರೋಟಾಹೇಲರ್ ಕೊಟ್ಟಿದ್ದರು. ಹದಿನೈದು ದಿನ ಕಳೆದು ಊರಿಗೆ ಹೋದರೆ ಕ್ಯಾಪ್ಸೂಲನ್ನು ಬಿಸಿನೀರಿನಲ್ಲಿ ನುಂಗುತ್ತಿದ್ದಾಳೆ, ಯಂತ್ರ ಶೋಕೇಸಿನಲ್ಲಿದೆ. ಮಗಳು ನರ್ಸು, ಕೇಳಬೇಕೆ! ಇಂಥವರು ವಾರ್ಡಿನಲ್ಲಿ ಎಷ್ಟೋ ಮಂದಿ ಸಿಕ್ಕಿದ್ದಾರೆ, ನನ್ನ ಮನೆಯಲ್ಲೇ ಇರುತ್ತಾರೆ ಅಂತ ಹೊಳೆದಿರಲಿಲ್ಲ.

ಈಗ ಪಂಪು, ಜೊತೆಗೆ ಅದಕ್ಕೆ ಸಿಕ್ಕಿಸುವ ಕೊಳವೆ, ಸ್ಪೇಸರ್. ಅಮೆರಿಕದಲ್ಲಿ ಒಂದು ಔಷಧ ಕಂಪನಿಯ ಮುಖ್ಯಸ್ಥರ 13 ವರ್ಷದ ಮಗಳು 1955ರಲ್ಲಿ, ಹೇರ್ ಸ್ಪ್ರೇ ಡಬ್ಬಿಯಲ್ಲಿ ಬರುವ ಹಾಗೆ ನನ್ನ ಆಸ್ತಮಾ ಔಷಧ ಯಾಕೆ ಬರುವುದಿಲ್ಲ ಅಂತ ಕೇಳಿದ್ದಕ್ಕೆ ಮರುವರ್ಷ ಪಂಪು ಹುಟ್ಟಿತು. ಈ ಕತೆ ಅಮ್ಮನಿಗೆ ಬಹಳ ಇಷ್ಟ, ‘ಅಪ್ಪ ಅಂದ್ರೆ ಹಂಗಿರಬೇಕು’ ಅನ್ನುತ್ತಾಳೆ, ಅಪ್ಪನಿಗೆ ಕೇಳುವ ಹಾಗೆ. ಭಾನುವಾರ ಊರಿಗೆ ಹೋದಾಗ ಜಗಲಿಯ ಮೇಲೆ ಕೂರಿಸಿ ಒಂದೊಂದೇ ಮಾಡಿಸುತ್ತೇನೆ. ಅಲ್ಲಾಡಿಸು. ಉಸಿರು ಪೂರ್ತಿ ಹೊರಗೆ ಬಿಡು. ಒತ್ತು, ನಿಧಾನಕ್ಕೆ ಎಳ್ಕೋ, ಈಗ ಹಿಡ್ಕೋ, ಹತ್ತು ಎಣಿಸ್ತೀನಿ. ಎರಡನೇ ಪಫ್ಫಿಗೆ ಮುಂಚೆ ಒಂದು ನಿಮಿಷ ಬಿಡು. ಆಮೇಲೆ ಬಾಯಿ ಮುಕ್ಕಳಿಸಿ ಉಗಿ, ಇಲ್ಲದಿದ್ದರೆ ಸ್ಟೀರಾಯ್ಡ್ ಕೂತು ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ.

ಹೋದ ಭಾನುವಾರ ಅಪ್ಪ ಗೋಡೆ ಗಡಿಯಾರ ನೋಡುತ್ತಾ ಕೂತಿದ್ದರು. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಮ್ಮ ಉಸಿರು ಬಿಟ್ಟಳು.

‘ಆರಕ್ಕೇ ಬಿಟ್ಯಲ್ಲಮ್ಮ.’

‘ನೀನು ಬೇಕಂತಲೇ ನಿಧಾನಕ್ಕೆ ಎಣಿಸ್ತೀಯ’ ಅಂದಳು.